ಉಳಿದವರ ಒಮ್ಮತ

"ಹಗಲು ಕರೆಂಟಿಲ್ಲದ ನನ್ನ ಗಿರಣಿ ತುಕ್ಕು ಹಿಡದೈತಿ. ನೀವು ಮುಂದಿನ ಐದು ವರ್ಷದ ಯೋಜನೆಗೆ ನಮ್ಮ ಅಭಿಪ್ರಾಯ ಕೇಳಾಕ ಬಂದೀರೇನು?" ವಿದ್ಯುತ್ ಗ್ರಾಹಕರ ಸಭೆಯಲ್ಲಿ ಹಿಟ್ಟಿನ ಗಿರಣಿಯ ಗುರುಬಸವ್ವ ಗುಡುಗಿದಳು.

"ಬರದು ಕೊಡ್ರಿ ಅಕ್ಕಾರ," ಎಂದು ವಿದ್ಯುತ್ ಕಂಪನಿಯ ಸಾಹೇಬರು ನಕ್ಕರು.

"ಮೂರು ಸಲ ಬರದು ಕೊಟ್ಟೀನಿ. ನಿಮ್ಮ ಸಭಾಕ್ಕ ಬೆಂಕಿ ಹಾಕ!" ಎಂದು ಆಕೆ ಪ್ರತಿ ಸಲದಂತೆ ದಡದಡನೆ ಹೊರಟಳು. ಬಾಗಿಲ ಬಳಿಯ ಮೇಜಿನ ಮೇಲೆ ಇವತ್ತಿನ ಸಭೆಯ ನಡಾವಳಿ ಆಗಲೇ ಟೈಪಾಗಿ ಕೂತಿತ್ತು. ಕೊನೆಯ ಸಾಲು ಓದಿದಳು: "ಗುರುಬಸವ್ವ ಸಿಟ್ಟಿನಿಂದ ಎದ್ದುಹೋದ ನಂತರ ಉಳಿದ ಗ್ರಾಹಕರು ಯೋಜನೆಯನ್ನು ಒಮ್ಮತದಿಂದ ಒಪ್ಪಿದರು."

ತಿರುಗಿ ಬಂದು ಮುಂದಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಳು. "ನಡೀಲಿ ಸಾಹೇಬ್ರ, ಇವತ್ತ ನಾ ಎಲ್ಲೂ ಹೋಗಂಗಿಲ್ಲ."

ಚಹಾ ಕುಡಿದು ಬರುತ್ತೇನೆಂದು ಎದ್ದುಹೋದ ಸಾಹೇಬರು ಮರಳಿ ಬರಲಿಲ್ಲ.