ಗಂಗವ್ವನ ರಂಜಕ

ಇವತ್ತು ಮೊಮ್ಮಗಳು ರಂಜಕದ ಬಾಟಲಿ ತೆರೆದಳು. ಬೆಳ್ಳುಳ್ಳಿ, ನಿಂಬೆ, ಕೆಂಪು ಮೆಣಸಿನಕಾಯಿಯ ಆ ವಾಸನೆಗೆ ಬ್ಯಾಡಗಿಯ ಒಂದು ಮಧ್ಯಾಹ್ನ ನೆನಪಾಯಿತು.

ನಮ್ಮ ಅಂಗಡಿಯ ಹಿಂದೆ ಹೆಂಗಸರು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಊಟದ ಹೊತ್ತಿಗೆ ಯಾರಿಗೆ ಏನು ಇಷ್ಟ ಎಂಬ ಮಾತು ಎದ್ದಿತು. ಒಬ್ಬಳು ಹೋಳಿಗೆ ಎಂದಳು. ಇನ್ನೊಬ್ಬಳು, "ಬ್ಯಾರೇದವ್ರು ಮಾಡಿ ಹಾಕಿದ್ದು ಏನಿದ್ರೂ ಇಷ್ಟವ್ವಾ" ಎಂದು ನಗಿಸಿದಳು. ಕದರಮಂಡಲಗಿಯ ಗಂಗವ್ವ ನನ್ನ ಕಡೆ ತಿರುಗಿ, "ಸಣ್ಣ ಸಾವಕಾರ್ರ, ರಂಜಕ ತಿಂದೀರೇನು?" ಎಂದಳು.

ನಮ್ಮ ಮನೆಯಲ್ಲಿ ಮಕ್ಕಳಿಗೆ ಖಾರ ಕೊಡುತ್ತಿರಲಿಲ್ಲ. ಹೆದರುತ್ತಲೇ ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಹುಳಿ, ಉಪ್ಪು, ಹಿಂದೆಯೇ ಸಣ್ಣ ಸಿಹಿ. ಅವಳ ಬುತ್ತಿಯ ಎರಡೂ ರೊಟ್ಟಿ ಮುಗಿಸಿದೆ.

ಅಷ್ಟರಲ್ಲಿ ಅವ್ವ ಬಂದು ನನ್ನ ಕೆಂಪು ತುಟಿ ನೋಡಿದಳು. ಬೈಗುಳಕ್ಕೆ ಹೆದರಿ, "ಗಂಗವ್ವ ಬಾಯಾಗ ತುರುಕಿದ್ಲು. ಉರಿಯಾಕತ್ತೈತಿ" ಎಂದು ಅತ್ತೆ.

"ಸಣ್ಣ ಹುಡುಗಗ ಖಾರ ತಿನ್ನಿಸ್ತೀಯಲ್ಲ, ಬುದ್ಧಿ ಐತೇನು ನಿನಗ?" ಎಂದು ಅವ್ವ ಎಲ್ಲರೆದುರು ಅವಳನ್ನು ಬೈದಳು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಎಲ್ಲರೂ ತಮ್ಮ ತಮ್ಮ ಬುತ್ತಿಯ ಕಡೆ ತಿರುಗಿದರು.

"ತಪ್ಪಾತ್ರಿ ಅಕ್ಕಾರ" ಎಂದ ಗಂಗವ್ವ, ಬುತ್ತಿಯಲ್ಲಿ ಉಳಿದಿದ್ದ ಬೆಲ್ಲದ ಚೂರನ್ನು ನನ್ನ ಅಂಗೈಯಲ್ಲಿಟ್ಟಳು. "ಚೀಪ್ರಿ, ಉರಿ ಇಳೀತೈತಿ." ಆಮೇಲೆ ಖಾಲಿ ಬುತ್ತಿಬಟ್ಟೆ ಮಡಚಿ, ನೀರು ಕುಡಿದು, ಮತ್ತೆ ತೊಟ್ಟು ಮುರಿಯಲು ಕೂತಳು. ನಾನು ಬೆಲ್ಲವನ್ನೂ ತಿಂದೆ.

"ಅಜ್ಜಾ, ಇದು ಭಾಳ ಖಾರ ಐತೇನು?" ಎಂದು ಮೊಮ್ಮಗಳು ಕೇಳಿದಳು.

"ಇಲ್ಲವ್ವಾ" ಎಂದೆ. "ಅವತ್ತೂ ಇರಲಿಲ್ಲ."