ಊರೂರು ತಿರುಗುವ ವಸ್ತು

ಮಹಿಳಾ ಸಂಘಗಳಿಗೆ ತರಬೇತಿ ಕೊಡುತ್ತ ಜಿಲ್ಲೆಯಿಂದ ಜಿಲ್ಲೆಗೆ ಅಲೆಯುವ ನಳಿನಿಗೆ ಹಳೆಯ ಲ್ಯಾಪ್‌ಟಾಪ್ ಹೊತ್ತು ಹೊತ್ತು ಬಲಭುಜವೇ ಇಳಿದುಹೋಗಿತ್ತು. ದೇವರು ದೊಡ್ಡವನು, ಈ ಸಲ ಅಂಗಡಿಯವನು ಸರಿಯಾದದ್ದನ್ನೇ ತೋರಿಸಿದ.

"ತಗೊಳ್ಳಿ ಮೇಡಂ. ಬ್ಯಾಗಲ್ಲಿ ಇದೆಯೋ ಇಲ್ವೋ ಅಂತ ಮುಟ್ಟಿ ನೋಡ್ಕೋಬೇಕು, ಅಷ್ಟು ಹಗುರ."

ಎರಡು ಬೆರಳಲ್ಲಿ ಎತ್ತಿ ನೋಡಿದಳು. ಅದನ್ನೇ ಕೊಂಡಳು. ಮಾರನೆಯ ದಿನದ ತರಬೇತಿಗೆ ಬೇಕಾದ ಫೈಲುಗಳನ್ನೆಲ್ಲ ಅದಕ್ಕೇ ತುಂಬಿದಳು. ಮಧ್ಯಾಹ್ನದ ರೈಲಿಗೆ ಹೊರಡಬೇಕು ಅನ್ನುವಾಗ ಅತ್ತೆ ಅಡ್ಡ ನಿಂತರು.

"ಪೂಜೆ ಆಗದೆ ಹೊಸಿಲು ದಾಟಿಸ್ತೀಯೇನೇ? ಊರೂರು ತಿರುಗೋ ವಸ್ತು! ಸ್ಕೂಟರ್‌ಗೆ ಮಾಡಿದ ಹಾಗೇ ಇದಕ್ಕೂ ಮಾಡ್ತೀನಿ. ನೀನು ಸ್ನಾನ ಮುಗಿಸ್ಕೊಂಡು ಬಾ."

"ನೀರು ಮಾತ್ರ ಚಿಮುಕಿಸಬೇಡಿ ಅತ್ತೆ."

"ಅಷ್ಟೂ ಗೊತ್ತಾಗಲ್ವೇನೇ ನಂಗೆ? ಒಂದು ಹನಿ ಬೀಳಿಸಲ್ಲ, ಹೋಗು."

ಅವಳು ತಲೆ ಒರೆಸಿಕೊಳ್ಳುತ್ತ ಬಂದಾಗ ದೇವರ ಮನೆ ಊದುಬತ್ತಿಯಿಂದ ಘಮಘಮಿಸುತ್ತಿತ್ತು. ಅತ್ತೆ ಗೋಡೆ ಹಿಡಿದು, ಉಸ್ಸಪ್ಪಾ ಎನ್ನುತ್ತ ಮೇಲೇಳುತ್ತಿದ್ದರು.

"ಎಲ್ಲ ಚೆನ್ನಾಗಾಯ್ತಾ ಅತ್ತೆ?"

"ಆಯ್ತಮ್ಮ. ಗಾಡಿ ಚಕ್ರಕ್ಕೆ ಇಡೋ ಹಾಗೆ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟೆ. ಒಂದಾದ್ರೂ ಒಡೀಬೇಕಲ್ಲ! ಎಂಥಾ ಹಗುರದ್ದು ತಂದಿದೀಯೇ, ಹಣ್ಣಿನ ಮೇಲೆ ಹೂವಿಟ್ಟ ಹಾಗೆ ಕೂತಿತ್ತು."

"ಒಡೀದಿದ್ರೆ ಹೋಗ್ಲಿ ಬಿಡಿ ಅತ್ತೆ."

"ಬಿಡೋಕಾಗುತ್ತೇನೇ? ಶಾಸ್ತ್ರ ಅಂದ್ಮೇಲೆ ಶಾಸ್ತ್ರ. ದೇವರ ಹೆಸರು ಹೇಳಿ ನಾನೇ ಅದರ ಮೇಲೆ ಕೂತೆ."