ದುಂಡವ್ವ ಗಾಡಿ ಹತ್ತಿದ್ದು

ಆ ಮರುಭೂಮಿಯ ಬಂಡೆಗಳು, "ಆರಾಮಿದ್ದೀಯೇನವ್ವಾ?" ಎಂದು ಯಾರಾದರೂ ಪ್ರೀತಿಯಿಂದ ಕೇಳಿದರೆ ನೀರು ಕೊಡುತ್ತಿದ್ದವು. ಬಂಡೆಗೆ ಹೊಡೆದವರು ಮುಂದಾಳುತನ ಬಿಡಬೇಕೆಂಬುದು ಕಟ್ಟಳೆ. ಹಳೇ ಊರು ಬಿಡಿಸಿ ಹೊಸ ನೆಲದತ್ತ ನಲವತ್ತು ವರ್ಷ ಜನರನ್ನು ನಡೆಸಿದ ದುಂಡವ್ವ, ಅವರ ಗೊಣಗಾಟಕ್ಕೆ ರೇಗಿ, ಇಂದು ಬಂಡೆಗೆ ಕೋಲಿನಿಂದ ಬಾರಿಸಿಯೇಬಿಟ್ಟಳು. ನೀರೇನೋ ಚಿಮ್ಮಿತು. ಜನ ಮಾತ್ರ ದಂಗಾದರು.

ದುಂಡವ್ವ ಕೋಲನ್ನು ತಂಗಿಯ ಮಗ ಭರಮಪ್ಪನ ಕೈಗಿಟ್ಟಳು. ಅವನ ಕಣ್ಣು ತುಂಬಿಬಂತು.

"ದೊಡ್ಡವ್ವಾ, ನೀ ಇಲ್ದ ಹೆಂಗ ನಡಸ್ಲಿ?"

"ನಾ ಎಲ್ಲಿ ಹೊಂಟೀನೋ? ಗಾಡ್ಯಾಗ ಕುಂದರ್ತೀನಿ."

ಜೀವನದಲ್ಲಿ ಮೊದಲ ಸಲ ಅವಳು ಗಾಡಿಯಲ್ಲಿ ಕಾಲು ಚಾಚಿ ಕೂತಳು. ಒಂದು ಬೊಗಸೆ ನೀರು ಕುಡಿದು, ಮುಖ ಕಿವುಚಿ, ನಲವತ್ತು ವರ್ಷ ತಾನು ಕೇಳಿಸಿಕೊಂಡ ಮಾತನ್ನೇ ಹಿಗ್ಗಿನಿಂದ ಕೂಗಿದಳು:

"ಏ ಭರಮಪ್ಪಾ, ನಮ್ಮನ್ನ ಇಲ್ಲಿಗೆ ಯಾಕ ಕರ್ಕೊಂಬಂದ್ಯೋ? ಹಳೇ ಊರೇ ಚಲೋ ಇತ್ತು!"